ಶಬಾನಾಳಿಗೆ ತೃಪ್ತಿಯಾಯಿತೇ?

ನನ್ನ ಇಷ್ಟು ವರ್ಷದ ಬಾಳಿನಲ್ಲಿ "ನಿನಗೆ ತೃಪ್ತಿ ಆಯ್ತೇನು?" ಎಂದು ಯಾರೂ ಕೇಳಿದ್ದಿಲ್ಲ. ಮದುವೆ ಮಾಡಿಕೊಟ್ಟವರು ಕೇಳಲಿಲ್ಲ; ಮಾಡಿಕೊಂಡವನಂತೂ ಊಟದ ತಟ್ಟೆ ಬಿಟ್ಟು ತಲೆ ಎತ್ತಿದವನಲ್ಲ. ಅವನು ಹೋಗಿ ಬಹಳ ಕಾಲವಾಯಿತು. ಇದ್ದಾಗಲೂ ಮನೆಯಲ್ಲಿ ಅಷ್ಟೇನೂ ಸದ್ದಿರಲಿಲ್ಲ. ಈಗಿನ ಕಾಲೇಜಿನವರು ಮಾತ್ರ ಮಕ್ಕಳ ತೃಪ್ತಿಯನ್ನು ಬಾಗಿಲಿಗೇ ಬಂದು ವಿಚಾರಿಸುತ್ತಾರೆ. ನನ್ನ ಓದು ಎಷ್ಟೆಂದರೆ, ಬೋರ್ಡಿನ ಅಕ್ಷರ ಕೂಡಿಸುವುದರೊಳಗೆ ಬಸ್ಸು ಹೋಗಿರುತ್ತದೆ. ಆದರೂ ಆ ವಿಚಾರಣೆಯಲ್ಲಿ ನಾನು ಬಾಯಿ ಹಾಕಿದೆ.

ನಮ್ಮ ಕುಷ್ಟಗಿಯ ಒಂದು ಬೀಜದ ಕಂಪನಿಗೂ ಒಂದು ಕೃಷಿ ಕಾಲೇಜಿಗೂ ಒಪ್ಪಂದವಿದೆ. ವರ್ಷಕ್ಕೊಬ್ಬ ಹುಡುಗಿ ಕೆಲಸ ಕಲಿಯಲು ಬಂದು ನನ್ನ ಹೊರಗಿನ ಖೋಲಿಯಲ್ಲಿ ಇರುತ್ತಾಳೆ, ಕೆಲಸ ಮುಗಿಯುತ್ತಲೇ ಹೋಗುತ್ತಾಳೆ. ಉಳಿದ ತಿಂಗಳು ನಾನು ಮತ್ತು ಗೋಡೆ. ಗೋಡೆಗೆ ಚಹಾದ ಚಟವಿಲ್ಲ. ಎರಡು ಲೋಟ ಮಾಡಿದರೆ ಎರಡನ್ನೂ ನಾನೇ ಕುಡಿಯಬೇಕು. ಹೋದ ವರ್ಷ ಬಂದವಳು ಗಂಗಾವತಿ ಕಡೆಯ ಶಬಾನಾ. ಸಂಜೆ ಕಟ್ಟೆಯ ಮೇಲೆ ಕುಳಿತು ಕಂಪನಿಯವರನ್ನು ಬಯ್ಯುವಳು. ನಾನು ರೊಟ್ಟಿ ಬಡಿಯುತ್ತ, ಇನ್ನಷ್ಟು ಬಯ್ಯಲು ಹುರುಪು ಕೊಡುತ್ತಿದ್ದೆ. ನನಗೆ ಅದೇ ಹಬ್ಬ.

ಒಂದು ದಿನ ಕಾಲೇಜಿನ ಮೇಡಂ ಬಂದು ಮೊಬೈಲು ತೆಗೆದರು. "ಕಂಪನಿಯೊಳಗ ಕಲ್ತದ್ದು ತೃಪ್ತಿ ಕೊಟ್ಟೈತೇನಮ್ಮ?"

ಶಬಾನಾ ಬಾಯಿ ತೆರೆಯುವ ಮೊದಲೇ ನಾನು, "ಭಾಳ ತೃಪ್ತಿ ಐತ್ರಿ, ಬರ್ಕೋರಿ" ಎಂದೆ.

"ನಿಮ್ಮನ್ನ ಕೇಳಿಲ್ರಿ ಅಜ್ಜಿ."

"ಎಲ್ಲೈತ್ರಿ ತೃಪ್ತಿ?" ಶಬಾನಾ ಸಿಡಿದಳು. "ದಿನಾ ಪಾಕೀಟಿಗೆ ಚೀಟಿ ಹಚ್ಚಿಸ್ಯಾರ, ಸಾಹೇಬ್ರಿಗೆ ಚಹಾ ತರಿಸ್ಯಾರ. ಹೂವಿಗೆ ಪರಾಗ ಹಚ್ಚೋದು ಕಲಿಸ್ರಿ ಅಂದ್ರ, ನಾಳೆ ನೋಡೂಣು ಅಂತಾರ."

ಮೇಡಂ ಬೆರಳು ನಿಲ್ಲಿಸಿದರು. "ಹಿಂಗ ಬರದ್ರ ಮುಂದಿನ ವರ್ಷ ಇಲ್ಲಿಗೆ ಯಾರನ್ನೂ ಕಳಸಂಗಿಲ್ಲ. ವಿಚಾರ ಮಾಡಿ ಹೇಳು."

ಶಬಾನಾ ನನ್ನ ಮುಖ ನೋಡಿದಳು. ಹುಡುಗಿ ಚುರುಕು. "ಅಷ್ಟೇನ್ ಕೆಟ್ಟಿಲ್ರಿ..." ಎಂದು ರಾಗ ಎಳೆದಳು.

ನನಗೆ ಸಿಟ್ಟು ಬಂತು. ಬರುವ ವರ್ಷ ಇನ್ನೊಬ್ಬಳು ಬಂದು ಅದೇ ಚೀಟಿ ಹಚ್ಚಬೇಕು, ಅದೇ ಕಟ್ಟೆಯ ಮೇಲೆ ಕುಳಿತು ಬಯ್ಯಬೇಕು, ಅದರಿಂದ ನನ್ನ ಸಂಜೆ ಕಳೆಯಬೇಕು! ನನ್ನ ಆಸೆಗೆ ನನಗೇ ಹೇಸಿಗೆಯಾಯಿತು.

"ಏ ಹುಚ್ಚಿ, ನನ್ನ ಸಲುವಾಗಿ ಸುಳ್ಳು ಹೇಳ್ತೀಯೇನ? ಖರೇನ ಹೇಳು. ಮೇಡಂ, ಮೊದ್ಲ ನಾ ಹೇಳಿದ್ದು ಅಳಿಸಿಬಿಡ್ರಿ."

"ನಿಮ್ದು ಬರ್ದೇ ಇಲ್ರಿ" ಎಂದು ಮೇಡಂ ಶಬಾನಾಳ ಮಾತನ್ನೆಲ್ಲ ಬರೆದುಕೊಂಡರು. ಕೊನೆಗೆ, "ಇದ್ದ ಮನಿ ಹೆಂಗಿತ್ತು? ಏನರ ತೊಂದ್ರಿ?" ಎಂದರು.

ಖರೆ ಹೇಳುವ ರುಚಿ ಹತ್ತಿತ್ತಲ್ಲ, ಹುಡುಗಿ ತಡಮಾಡಲಿಲ್ಲ. "ಮನಿ ಛಲೋ ಐತ್ರಿ. ಅಜ್ಜಿ ಭಾಳ ಮಾತಾಡ್ತಾರ, ಓದಾಕ ಬಿಡಂಗಿಲ್ಲ."

ಮೇಡಂ ಅದನ್ನೂ ಬರೆದುಕೊಂಡರು.

ಈ ವರ್ಷ ಯಾರೂ ಬಂದಿಲ್ಲ. ಕಂಪನಿಯವರು ತಿದ್ದಿಕೊಂಡರೋ ಇಲ್ಲವೋ ನನಗೆ ತಿಳಿಯದು. ನಾನಂತೂ ತಿದ್ದಿಕೊಂಡಿದ್ದೇನೆ: ಶಬಾನಾ ಬಸ್ಸು ಹತ್ತಿದಾಗಿನಿಂದ ಈ ಮನೆಯಲ್ಲಿ ಒಂದು ಮಾತೂ ಆಡಿಲ್ಲ.