ಅತ್ತೆಯ ಬಿ.ಪಿ.ಗೆ ಅಳಿಯನ ಪಾಠ

ನಮ್ಮ ಹಳ್ಳಿಯಲ್ಲಿ ಬಿ.ಪಿ. ಮಾತ್ರೆ ಬಿಟ್ಟವರು ಒಬ್ಬರೂ ಉಳಿಯಬಾರದು! ಹೀಗೆಂದು ಘೋರ ಪ್ರತಿಜ್ಞೆ ಮಾಡಿದವನು ಬೇರಾರೂ ಅಲ್ಲ, ಮಸಾಕಾ ಪಟ್ಟಣದ ಕಡೆಯ ಒಂದು ಸಣ್ಣ ಆಸ್ಪತ್ರೆಯ ಆರೋಗ್ಯ ಸ್ವಯಂಸೇವಕ ಕಾಸೋಜಿ, ಅಂದರೆ ನಾನೇ! ಅಂಗಳಕ್ಕೊಂದು ಭಾಷಣ, ಬಾಳೆತೋಟಕ್ಕೊಂದು ಉಪನ್ಯಾಸ. ನಾನು ಬರುವುದು ಕಂಡರೆ ಸಾಕು, ಹೆಂಗಸರು ಉಪ್ಪಿನ ಡಬ್ಬಿ ಬಚ್ಚಿಡುತ್ತಿದ್ದರು. ಅಷ್ಟು ಜನಪ್ರಿಯತೆ ನನ್ನದು!

ಮಾತು ಕೇಳದವರು ಒಬ್ಬರೇ, ನನ್ನ ಅತ್ತೆ. ತಲೆನೋವು ಹೋಯಿತೆಂದು ಮಾತ್ರೆ ನಿಲ್ಲಿಸಿ, ಹೋದ ವಾರ ತಲೆಸುತ್ತಿ ಅಂಗಳದಲ್ಲಿ ಬಿದ್ದಿದ್ದರು. ನರ್ಸ್ ನಸೊಲೊ ಬಿ.ಪಿ. ಮಿಷನ್ ನನ್ನ ಕೈಗಿತ್ತು, "ಕಾಸೋಜಿ, ಹೀಗೇ ಬಿಟ್ರೆ ಲಕ್ವಾ ಹೊಡೆಯುತ್ತೆ. ನೀವೇ ಹೋಗಿ ಒಪ್ಪಿಸಿ" ಎಂದರು.

ಒಪ್ಪಿಸುವುದು ಹೇಗೆ? ನಮ್ಮಲ್ಲಿ ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ನೋಡಿದರೆ ಕೈಕಾಲು ನಡುಗುವ ರೋಗ ಗ್ಯಾರಂಟಿ! ಹಾಗಾಗಿ ಅತ್ತೆ ಮನೆಗೆ ಹೋದಾಗ ನಾನು ಅಡುಗೆಮನೆ ಗೋಡೆಯ ಹೊರಗೆ, ಅತ್ತೆ ಒಳಗೆ, ನಡುವೆ ಓಡಾಡಲು ನನ್ನ ಹೆಂಡತಿ ನಕಿಮೆರಾ.

ಅವಳು ಅತ್ತೆಯ ತೋಳಿಗೆ ಪಟ್ಟಿ ಕಟ್ಟಿ, ನೋಡಿ ಬಂದಳು. "ನೂರ ಎಪ್ಪತ್ತೆಂಟು ತೋರಿಸ್ತಿದೆ ರೀ."

"ನೋಡಿದ್ಯಾ! ಚೆನ್ನಾಗಿದ್ದೀನಿ ಅನ್ನಿಸಿದ್ರೂ ಮಾತ್ರೆ ದಿನಾ ನುಂಗ್ಬೇಕು ಅಂತ ಹೇಳು!"

ಅತ್ತೆ ಒಳಗಿಂದಲೇ ಗುಡುಗಿದರು. "ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ! ಮಿಷನ್ನೇ ಕೆಟ್ಟಿದೆ. ಅಳಿಯಂದ್ರಿಗೆ ಕಟ್ಟಿ ನೋಡೇ!"

ನಾನು ಜಂಬದಿಂದ ಅಂಗಿಯ ತೋಳೇರಿಸಿದೆ. ಪಟ್ಟಿ ಉಬ್ಬಿತು, ಎದೆಯೂ ಉಬ್ಬಿತು. ನಕಿಮೆರಾಳ ಮುಖ ಮಾತ್ರ ಸಪ್ಪಗಾಯಿತು.

"ರೀ... ನೂರ ತೊಂಬತ್ತಾರು!"

"ಸಾಧ್ಯಾನೇ ಇಲ್ಲ! ಮಿಷನ್ನೇ ಕೆಟ್ಟಿದೆ! ನಂಗೇನಾಗಿದೆ?" ಎಂದು ಕೂಗುತ್ತಾ ಎದ್ದವನು ಸಿಟ್ಟಿನಲ್ಲಿ ಗೋಡೆ ಸುತ್ತಿ ನಡೆದೆ. ನನ್ನ ಅಂಕಿ ನೋಡುವ ಆಸೆಗೆ ಅತ್ತೆಯೂ ಅದೇ ಮೂಲೆಗೆ ಬಂದರು. ಮುಖಾಮುಖಿ! "ಅಯ್ಯಯ್ಯೋ!" ಎಂದು ಅವರು ತಲೆಗೆ ಬಟ್ಟೆ ಎಳೆದುಕೊಂಡು ಒಳಗೋಡಿದರು. ನಾನು ಹಿಂದಕ್ಕೆ ಹಾರಿ, ಹೆಂಡಕ್ಕೆಂದು ಬಾಳೆಹಣ್ಣು ಮಾಗಿಸಲು ಹಾಕಿದ್ದ ಗುಂಡಿಗೆ ಬಿದ್ದೆ. ಹದಿನೆಂಟು ವರ್ಷ ಕಾಪಾಡಿಕೊಂಡ ಮರ್ಯಾದೆ ಹಣ್ಣಿನ ಜೊತೆ ಅಪ್ಪಚ್ಚಿ! ಮೇಲೆ ಕೈ ಬೇರೆ ನಡುಗತೊಡಗಿತು.

ಮಾರನೆಯ ಬೆಳಿಗ್ಗೆ ಆಸ್ಪತ್ರೆಯಲ್ಲಿ ನನ್ನ ಗೋಳೆಲ್ಲ ಕೇಳಿ ನಸೊಲೊ ಬೇರೆ ಮಿಷನ್ ಕಟ್ಟಿದರು. ಆಗಲೂ ನೂರ ತೊಂಬತ್ತು!

"ಕೈ ನಡುಗಿದ್ದು ಅತ್ತೆ ಮುಖ ನೋಡಿದ್ದಕ್ಕಲ್ಲ, ಗಾಬರಿಗೆ. ಎರಡು ವರ್ಷದಿಂದ ಊರವರಿಗೆಲ್ಲ ಕಟ್ತೀರಲ್ಲ, ನಿಮ್ಮ ತೋಳಿಗೆ ಒಂದ್ಸಲಾನೂ ಕಟ್ಕೊಂಡಿಲ್ವಾ?"

ನಿಜಕ್ಕೂ ನಾಚಿಕೆಯಾಯಿತು, ಭಯವೂ ಆಯಿತು. ತೆಪ್ಪಗೆ ಮಾತ್ರೆ ಇಸಿದುಕೊಂಡು ಬಂದೆ.

ಸಂಜೆ ನಕಿಮೆರಾ ತವರಿನಿಂದ ನಗುತ್ತಾ ಬಂದಳು. "ಅಮ್ಮ ಮತ್ತೆ ಮಾತ್ರೆ ಶುರು ಮಾಡಿದ್ಳು ರೀ!"

ಗೆದ್ದೆ! ಕೂತಲ್ಲಿಂದ ಎದ್ದು ಕುಣಿದೇಬಿಟ್ಟೆ. "ನನ್ನ ಪಾಠ ಅಂದ್ರೆ ಸುಮ್ನೇನಾ?"

"ಪಾಠಾನೂ ಇಲ್ಲ, ಮಣ್ಣೂ ಇಲ್ಲ! 'ನಾನು ಹೋಗ್ಬಿಟ್ರೆ ಆ ಮನುಷ್ಯಂಗೆ ಮಾತ್ರೆ ನುಂಗಿಸೋರು ಯಾರು?' ಅಂದ್ಳು. ತಿಂಗಳ ಕೊನೇಲಿ ನಿಮ್ಮ ಖಾಲಿ ಮಾತ್ರೆ ಸ್ಟ್ರಿಪ್ ಕಳಿಸ್ಬೇಕಂತೆ. ಎಣಿಸ್ತಾಳಂತೆ!"