ಪಾಲಣ್ಣನ ಕೋಟೆ ಕಾಳಗ

ಇನ್ನು ಮುಂದೆ ಯಾವ ಆಟದಲ್ಲೂ ಹೆಂಡತಿಯ ಕೈಯಲ್ಲಿ ಸೋಲುವುದಿಲ್ಲ ಎಂದು ಬಬ್ಬೂರು ಫಾರಂನಲ್ಲಿ ಕೆಲಸಕ್ಕಿದ್ದ ಪಾಲಣ್ಣ ಆ ಬೇಸಿಗೆಯಲ್ಲಿ ತೀರ್ಮಾನಿಸಿದ. ಮನಸ್ಸಿನಲ್ಲೇ ತೀರ್ಮಾನಿಸಿ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಡುಮನೆಯಲ್ಲಿ ನಿಂತು, ಮೀಸೆ ತೀಡಿ, ಗಟ್ಟಿಯಾಗಿ ಸಾರಿಬಿಟ್ಟ!

ಚೌಕಾಬಾರದಲ್ಲಿ ಹೆಂಡತಿ ಚಿತ್ತಮ್ಮ ಅವನನ್ನು ಸೋಲಿಸದೇ ಬಿಟ್ಟ ಭಾನುವಾರವೇ ಇರಲಿಲ್ಲ. ಅವಳು ಎಸೆದರೆ ಕವಡೆಗಳು ಹೇಳಿದ ಮಾತು ಕೇಳುತ್ತಿದ್ದವು. ಇವನು ಎಸೆದರೆ ಒಂದು ಮಂಚದ ಕೆಳಗೆ ಉರುಳುತ್ತಿತ್ತು, ಉಳಿದವು ಮಕಾಡೆ ಮಲಗುತ್ತಿದ್ದವು.

"ಇದು ಅದೃಷ್ಟದ ಆಟ ಕಣೇ! ಇದ್ರಾಗೆ ಬುದ್ಧಿಗೆ ಏನು ಬೆಲೆ ಐತೆ?" ಎಂದು ಪಾಲಣ್ಣ ಸಿಡುಕಿದ.

"ಹಂಗಾದ್ರೆ ಬುದ್ಧೀದು ಯಾವ್ದೈತೋ ಅದನ್ನೇ ಆಡಾಣ ಬರ್ರಿ," ಎಂದಳು ಚಿತ್ತಮ್ಮ, ಕವಡೆ ಆರಿಸುತ್ತಾ.

ಅಂಥ ಆಟ ಊರಲ್ಲಿ ಇರಲಿಲ್ಲವಾದ್ದರಿಂದ ಪಾಲಣ್ಣ ತಾನೇ ಒಂದನ್ನು ಸೃಷ್ಟಿಸಿದ. ಹೆಸರು 'ಕೋಟೆ ಕಾಳಗ'. ಆಡುವವರು ಇಬ್ಬರೂ ವೀರರು. ಇಬ್ಬರಿಗೂ ಸಮನಾಗಿ ಹುಣಸೆ ಬೀಜ, ಬೀಜವೆಂದರೆ ಪ್ರಾಣ. ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ, ಒಂದೊಂದು ಚೀಟಿಯ ಮೇಲೆ ಒಂದೊಂದು ವಿದ್ಯೆ ಬರೆದ. ಪ್ರತಿಯೊಬ್ಬರೂ ಮೂರು ವಿದ್ಯೆ ಆರಿಸಿಕೊಂಡು, ಸರದಿಯ ಮೇಲೆ ಕಾದಾಡಬೇಕು. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತವೋ ಎದುರಾಳಿಯ ಅಷ್ಟು ಬೀಜ ಖಲಾಸ್. ಆಯುಧ ಇಲ್ಲದವರಿಗೂ ಬರಿಗೈ ಏಟು ಧರ್ಮಕ್ಕೆ ಉಂಟು. ಅದಕ್ಕೆ ಒಂದೇ ಬೀಜ. ಕಣಕ್ಕೆ ಬೆನ್ನು ತೋರಿಸಿ ಓಡಿದವನು ಸೋತಂತೆ. ಈ ಕೊನೆಯ ನಿಯಮ ಬರೆದಾಗ ಪಾಲಣ್ಣನಿಗೆ ರೋಮಾಂಚನವೇ ಆಯಿತು!

"ಗೆದ್ರೆ ಏನು ಕೊಡ್ತೀರಾ?" ಚಿತ್ತಮ್ಮ ಕೇಳಿದಳು.

"ಕೇಳಿದ್ದು!"

"ನಾಳೆಯಿಂದ ಹಿರಿಯೂರಾಗೆ ಹೊಲಿಗೆ ಕ್ಲಾಸು ಶುರುವಾಗ್ತೈತೆ. ನನ್ನ ಕಳಿಸ್ಬೇಕು."

ಪಾಲಣ್ಣನ ಕೈ ಮೀಸೆಯ ಮೇಲೇ ನಿಂತಿತು. ಈ ಹೊಲಿಗೆಯ ವಿಚಾರ ಯುಗಾದಿಯಿಂದಲೂ ಮನೆಯಲ್ಲಿ ಹೊಗೆಯಾಡುತ್ತಿತ್ತು. ಮಧ್ಯಾಹ್ನ ಮುದ್ದೆ ಮಾಡುವವರು ಯಾರು ಎಂಬ ಒಂದೇ ಪ್ರಶ್ನೆಯಿಂದ ಅವನು ಅದನ್ನು ಪ್ರತಿಸಲವೂ ಹೊಡೆದು ಹಾಕುತ್ತಿದ್ದ. ಚಿತ್ತಮ್ಮ ಪ್ರತಿಸಲವೂ ಸುಮ್ಮನಾಗುತ್ತಿದ್ದಳು, ಆದರೆ ಮರೆಯುತ್ತಿರಲಿಲ್ಲ. ಈಗ ಹಿಂದೆ ಸರಿದರೆ ವೀರನ ಗತಿಯೇನು?

"ಆಗ್ಲಿ!" ಎಂದ.

ತೀರ್ಪುಗಾರನಾಗಿ ಚಿತ್ತಮ್ಮನ ತಮ್ಮ ಜುಂಜಣ್ಣ ಕುಳಿತ. ಮಾಡದಕೆರೆಯ ಕಡೆಯವನು, ಬಬ್ಬೂರಿನ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸಲು ಬಂದಿದ್ದ. ಕುರಿಗಳನ್ನು ಜೊತೆಯವರಿಗೆ ಒಪ್ಪಿಸಿ, ಕಂಬಳಿ ಮತ್ತು ಕವಣೆ ಸಮೇತ ಅಕ್ಕನ ಮನೆಗೆ ಊಟಕ್ಕೆ ಹಾಜರಾಗಿದ್ದ.

ಪಾಲಣ್ಣ ಮೊದಲೇ ಕಣ್ಣಿಟ್ಟಿದ್ದ ಚೀಟಿಗಳನ್ನು ಗಬಕ್ಕನೆ ಎತ್ತಿಕೊಂಡ. ಕತ್ತಿ! ಭರ್ಜಿ! ಕವಣೆ! ಮೂರೂ ಕೊಲ್ಲುವ ವಿದ್ಯೆಗಳೇ! ಚಿತ್ತಮ್ಮ ಅಕ್ಕಿ ಆರಿಸುವಷ್ಟು ನಿಧಾನವಾಗಿ ಚೀಟಿಗಳನ್ನು ನೋಡಿ, ಲೆಕ್ಕ ತುಂಬಲೆಂದು ಅವನು ಸುಮ್ಮನೆ ಬರೆದಿದ್ದ ಮೂರನ್ನು ತೆಗೆದುಕೊಂಡಳು. ಗುರಾಣಿ. ಗಾಯಕ್ಕೆ ಮದ್ದು. ಹಂಗಿಸುವುದು.

"ಅಯ್ಯೋ ಹುಚ್ಚಿ, ಇವನ್ನು ತಗಂಡು ಯಾರನ್ನು ಕೊಲ್ತೀಯ?"

"ಕೊಲ್ಲೋದು ಯಾಕೆ? ಸಾಯ್ದಿದ್ರೆ ಸಾಕಲ್ವಾ?"

ಕಾಳಗ ಶುರುವಾಯಿತು. ಪಾಲಣ್ಣ ಕತ್ತಿ ಬೀಸಿದ. ಗುರಾಣಿ! ಅರ್ಧ ಏಟು ವ್ಯರ್ಥ. ಭರ್ಜಿ ಎಸೆದ. ಅವಳ ಒಂದಿಷ್ಟು ಬೀಜ ಹೋದವು; ಮರುಸರದಿಗೆ ಮದ್ದು ಹಾಕಿಕೊಂಡು ಅಷ್ಟನ್ನೂ ವಾಪಸು ಎಳೆದುಕೊಂಡಳು. ನಡುನಡುವೆ ಬರಿಗೈ ಏಟು ಒಂದೊಂದು ಕೊಟ್ಟು ಇವನ ಬೀಜವನ್ನು ಕೋಳಿ ಹೆಕ್ಕಿದಂತೆ ಹೆಕ್ಕುತ್ತಿದ್ದಳು.

"ಇದೇನು ಯುದ್ಧನೋ, ಸರ್ಕಾರಿ ಆಸ್ಪತ್ರೆನೋ?" ಪಾಲಣ್ಣ ಗುಡುಗಿದ. "ಹೊಡೆದಷ್ಟೂ ಮದ್ದು ಹಚ್ಕಂಡು ಎದ್ದು ಕುಂತ್ರೆ ಹೊಡೆಯೋನು ಏನಾಗ್ಬೇಕು?"

"ಬರೆದೋರು ನೀವೇ," ಎಂದು ಚಿತ್ತಮ್ಮ ಮೂರನೆಯ ಚೀಟಿ ಮುಂದೆ ತಳ್ಳಿದಳು. ಹಂಗಿಸುವ ವಿದ್ಯೆಗೆ ಪಾಲಣ್ಣ ಹಾಕಿದ್ದ ನಿಯಮ ಹೀಗಿತ್ತು: ಬಾಯಿಬಿಟ್ಟು ಹಂಗಿಸಬೇಕು, ಎದುರಾಳಿಗೆ ಸಿಟ್ಟು ಬಂದರೆ ಅವನ ಸರದಿ ಹೋಯಿತು. ತನ್ನಂಥ ಸ್ಥಿತಪ್ರಜ್ಞನಿಗೆ ಸಿಟ್ಟು ಬರಿಸುವವರು ಯಾರು ಎಂಬ ಧೈರ್ಯ ಅವನಿಗೆ!

ಚಿತ್ತಮ್ಮ ತಮ್ಮನ ಕಡೆ ತಿರುಗಿದಳು. "ಹೋದ ಸಂಕ್ರಾಂತಿಗೆ ಏನಾತು ಗೊತ್ತೇನೋ? ಗಿರಣಿಗೆ ರಾಗಿ ಒಯ್ದು, ಯಾರದೋ ಮೆಣಸಿನಪುಡಿ ಚೀಲ ಹೊತ್ಕಂಡು ಬಂದವ್ರೆ ನಿಮ್ಮ ಬಾವ!"

"ಅದು ನಮ್ಮ ಚೀಲದಂಗೇ ಇತ್ತು!" ಪಾಲಣ್ಣ ನೆಗೆದು ನಿಂತ.

"ಬಾವ ಸಿಟ್ಟಾದ್ರು. ಸರದಿ ಹೋತು," ಎಂದ ಜುಂಜಣ್ಣ.

"ಯಾರಿಗಲೇ ಸಿಟ್ಟು? ನನಗೆಲ್ಲಿ ಸಿಟ್ಟು ಬಂದೈತೆ? ನಾನು ಸಿಟ್ಟಾಗಿಲ್ಲಾ!"

ಆ ಅಬ್ಬರಕ್ಕೆ ಗೂಡಿನಲ್ಲಿದ್ದ ಸಕ್ಕರೆ ಡಬ್ಬಿ ದಬ್ಬನೆ ಕೆಳಗೆ ಬಿತ್ತು. ಜುಂಜಣ್ಣ ಅದನ್ನೂ ಸಾಕ್ಷಿಗೆ ಸೇರಿಸಿಕೊಂಡ. ಮತ್ತೊಂದು ಸರದಿಯೂ ಹೋಯಿತು!

ಕೊನೆಗೆ ಪಾಲಣ್ಣನ ಮುಂದೆ ಉಳಿದದ್ದು ಒಂಟಿ ಹುಣಸೆ ಬೀಜ. ಅವನು ಕವಣೆಯ ಚೀಟಿ ಬೀಸಿದ. ಚಿತ್ತಮ್ಮ ಗುರಾಣಿ ಹಿಡಿದಳು.

"ನಡೆಯಲ್ಲ! ನಮ್ಮಪ್ಪ, ನಮ್ಮಜ್ಜ ಕವಣೆ ಬೀಸಿದ್ರೆ ತೋಳದ ಹಲ್ಲು ಉದುರ್ತಿದ್ವು. ನನ್ನ ಕಲ್ಲಿನ ಮುಂದೆ ನಿನ್ನ ಗುರಾಣಿ ಯಾವ ಲೆಕ್ಕ?"

"ಬಾಯಾಗೆ ಬ್ಯಾಡ ಬಾವ, ಹೊರಗೆ ಬಂದು ತೋರಿಸ್ರಿ," ಎಂದ ಜುಂಜಣ್ಣ. ಅವನಿಗೆ ಊಟಕ್ಕೆ ಇನ್ನೂ ಹೊತ್ತಿತ್ತು.

ಪಾಲಣ್ಣನ ರೋಷ ಉಕ್ಕಿತು. ಅಂಗಳಕ್ಕೆ ನುಗ್ಗಿ, ಮೊರವನ್ನು ಗುರಾಣಿಯೆಂದು ಬೇಲಿಗೆ ಒರಗಿಸಿದ. ಬಾಮೈದನ ಕವಣೆ ಕಸಿದು ಕಲ್ಲಿಟ್ಟ. ಚಿಕ್ಕಂದಿನಲ್ಲೇ ಶಾಲೆಗೆ ಸೇರಿ, ಆಮೇಲೆ ಫಾರಂ ಸೇರಿದ ಅವನು ಹುಟ್ಟಿದಾರಭ್ಯ ಕವಣೆ ಮುಟ್ಟಿರಲಿಲ್ಲ ಎಂಬುದು ಚಿತ್ತಮ್ಮನಿಗೆ ಆಗ ನೆನಪಾಯಿತು. "ಬ್ಯಾಡ್ರೀ!" ಎನ್ನುವಷ್ಟರಲ್ಲಿ ಅವನು ಗರಗರನೆ ತಿರುಗಿಸಿ ಬಿಟ್ಟೇಬಿಟ್ಟ!

ಮೊರ ಮುಂದಿತ್ತು. ಕಲ್ಲು ಹಿಂದಕ್ಕೆ ಹೋಯಿತು. ಹಿಂದಿದ್ದ ಬೇವಿನ ಮರದ ತಗ್ಗು ಕೊಂಬೆಯಲ್ಲಿ ಕೋಲುಜೇನು ಗೂಡು ಕಟ್ಟಿತ್ತು. ಕಲ್ಲು ಸರಿಯಾಗಿ ಅದರ ನಡುವಿಗೆ ಬಡಿಯಿತು. ಗುರಿಯಿಟ್ಟು ಹೊಡೆದಿದ್ದರೂ ಅಷ್ಟು ಚೆನ್ನಾಗಿ ಬೀಳುತ್ತಿರಲಿಲ್ಲ!

ಜುಂಜಣ್ಣ ಕಂಬಳಿ ಹೊದ್ದು ನೆಲಕ್ಕೆ ಕುಕ್ಕರಿಸಿದ. ಚಿತ್ತಮ್ಮ ಮನೆಯೊಳಕ್ಕೆ ಹಾರಿದಳು. "ಎಲ್ಲಿಂದ ಬಂತು? ಯಾರು ಹೊಡೆದ್ರು?" ಎಂದು ಮರದ ಕೆಳಗೇ ನಿಂತು ವಿಚಾರಣೆ ನಡೆಸುತ್ತಿದ್ದವನು ಪಾಲಣ್ಣ ಒಬ್ಬನೇ. ಜೇನುಹುಳಗಳು ಉತ್ತರ ಕೊಟ್ಟವು. ಅವನು ಹಿತ್ತಿಲಿಗೆ ಓಡಿದ, ಅಲ್ಲಿಂದ ಬೀದಿಗೆ ಓಡಿದ, ಬೀದಿಯಿಂದ ಮತ್ತೆ ಹಿತ್ತಿಲಿಗೆ ಓಡಿದ. ಚಿತ್ತಮ್ಮ ಒಲೆಯೊಳಗಿನ ಹೊಗೆಯಾಡುವ ಕೊಳ್ಳಿ ಹಿಡಿದು ಬಂದು, ಅವನ ತಲೆಗೆ ಗೋಣಿಚೀಲ ಕವುಚಿ, ಕೈ ಹಿಡಿದು ಒಳಗೆ ಎಳೆದುಕೊಂಡಳು.

ಮುಖದ ತುಂಬ ಸುಣ್ಣ ಹಚ್ಚಿಸಿಕೊಳ್ಳುತ್ತಾ ಕುಳಿತಾಗಲೂ ಪಾಲಣ್ಣನ ರೋಷ ಇಳಿದಿರಲಿಲ್ಲ. ಮಾತು ಇನ್ನೂ ಹೊರಡುತ್ತಿತ್ತು.

"ಆಟ ರದ್ದು! ಮಧ್ಯದಾಗೆ ಜೇನುಹುಳ ಬಂದ್ವು. ಅವು ನಿಯಮದಾಗೆ ಇಲ್ಲ!"

"ಬೆನ್ನು ತೋರಿಸಿ ಓಡಿದೋರು ಸೋತಂಗೆ ಅನ್ನೋದು ಐತಲ್ಲ ಬಾವ?" ಜುಂಜಣ್ಣ ಕಂಬಳಿ ಕೊಡವುತ್ತಾ ಹೇಳಿದ. "ನೀವು ಓಡಿದ್ದು ಬೀದಿಯೋರೆಲ್ಲ ನೋಡವ್ರೆ. ಅಕ್ಕ ಗೆದ್ಲು."

ಚಿತ್ತಮ್ಮ ಸುಣ್ಣದ ಬೆರಳನ್ನು ಸ್ವಲ್ಪ ಮೃದುವಾಗಿ ಆಡಿಸಿದಳು. "ನಾಳೆ ನನ್ನ ಜೊತೆ ಹಿರಿಯೂರಿಗೆ ಬರ್ರಿ. ಮೊದ್ಲು ಡಾಕ್ಟರ್ ಹತ್ರ ಸೂಜಿ ಹಾಕಿಸ್ಕಂಡು, ಆಮೇಲೆ ನನ್ನ ಕ್ಲಾಸಿಗೆ ಬಿಡ್ರಿ," ಎಂದಳು. ಪಾಲಣ್ಣ ಗೋಡೆಯ ಕಡೆ ತಿರುಗಿ ಕುಳಿತ. ಆದರೆ ಇಲ್ಲ ಎನ್ನಲಿಲ್ಲ. ಕೊಟ್ಟ ಮಾತು ಕೊಟ್ಟ ಮಾತೇ.

ಬೆಳಗಾಗುವಷ್ಟರಲ್ಲಿ ಅವನ ಮುಖ ಕುಂಬಳಕಾಯಿಯ ಗಾತ್ರಕ್ಕೆ ಬಂದಿತ್ತು. ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ತುಟಿ, ನಾಲಿಗೆ ಎರಡೂ ಊದಿ ಮಾತು ನಿಂತೇಹೋಗಿತ್ತು. ಚಿತ್ತಮ್ಮ ಹೊಸ ಸೀರೆಯುಟ್ಟು, ಅವನ ತೋಳು ಹಿಡಿದು ಬಸ್ಸು ಹತ್ತಿಸಿದಳು. ಬಸ್ಸಿನಲ್ಲಿದ್ದವರೆಲ್ಲ ಕತ್ತು ಹೊರಳಿಸಿ ನೋಡಿದರು. ಕಂಡಕ್ಟರ್ ಕಾಟಪ್ಪ ತನ್ನ ಸೀಟನ್ನೇ ಬಿಟ್ಟುಕೊಟ್ಟ.

ಎದುರು ಸೀಟಿನಲ್ಲಿದ್ದ ಹುಲಿಗೆಮ್ಮ ಎಂಬ ಮುದುಕಿಗೆ ತಡೆಯಲಾಗಲಿಲ್ಲ. "ಯಾರವ್ವ ಇವ್ರು?"

"ನಮ್ಮ ಯಜಮಾನ್ರು."

"ಮುಖಕ್ಕೆ ಏನಾತು?"

"ನಿನ್ನೆ ಮನ್ಯಾಗೆ ನಮ್ಮಿಬ್ರಿಗೂ ಯುದ್ಧ ನಡೀತು ಕಣಜ್ಜಿ. ಇವ್ರು ಸೋತ್ರು," ಎಂದಳು ಚಿತ್ತಮ್ಮ. ಮುಂದಿನದು ಹೇಳುವ ಮೊದಲೇ ನಗು ಒತ್ತರಿಸಿ ಬಂದು, ಸೆರಗು ಬಾಯಿಗೊತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು.

ಮುದುಕಿ ಮೆಲ್ಲಗೆ ಅವಳ ಮೊಣಕಾಲು ತಟ್ಟಿದಳು. "ತಪ್ಪು ಮಾಡಿದ್ರೆ ಬೆನ್ನಿಗೆ ಒಂದು ಬಿಡು ತಾಯಿ, ಯಾರು ಬ್ಯಾಡ ಅಂತಾರೆ? ನಾಕು ಜನರ ಮುಂದೆ ತಿರುಗೋ ಗಂಡ್ಸು. ಮುಖಕ್ಕೆ ಹೊಡೀಬಾರ್ದು ಕಣವ್ವ!"

ಇಡೀ ಬಸ್ಸು ತಲೆದೂಗಿತು. ಪಾಲಣ್ಣನ ಮೈಯೆಲ್ಲ ಉರಿಯಿತು. ಎಂಥ ಅನ್ಯಾಯ! ಎಂಥ ಅಪವಾದ! ಸರಳು ಹಿಡಿದು ಎದ್ದು ನಿಂತ. ಇದ್ದ ಒಂದು ಕಣ್ಣನ್ನೇ ಅಗಲಿಸಿ, ಹೆಂಡತಿಯ ಕಡೆ ಕೈ ತೋರಿ, ಇವಳಲ್ಲ, ಜೇನು, ಜೇನು ಎಂದು ಸಾರಲು ಇದ್ದಬದ್ದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿದ. ಊದಿದ ಬಾಯಿಂದ ಅರ್ಧವೇ ಹೊರಬಂತು.

"ಜೇ...! ಜೇ...!"

ಕಾಟಪ್ಪ ಸೀಟಿ ಊದುವುದನ್ನು ಮರೆತು ಕಣ್ಣೊರೆಸಿಕೊಂಡ.

"ನೋಡ್ರಪ್ಪ! ಇಷ್ಟು ಏಟು ತಿಂದ್ರೂ ಹೆಂಡ್ತಿಗೆ ಜೈ ಅಂತವ್ರೆ!"