ಸೊಸೆಯ ಪರೀಕ್ಷೆಗೆ ಮಾವನ ಟಿಕ್ಕು

ನಿವೃತ್ತ ಮಾಸ್ತರರಿಗೆ ಎರಡು ಬೇನೆಗಳು ತಪ್ಪಿದ್ದಲ್ಲ. ಒಂದು ಮೊಣಕಾಲು ನೋವು, ಇನ್ನೊಂದು ಕಣ್ಣಿಗೆ ಬಿದ್ದದ್ದನ್ನೆಲ್ಲ ತಿದ್ದುವುದು. ಮೊದಲನೆಯದು ಎಣ್ಣೆ ಹಚ್ಚಿ ತಿಕ್ಕಿದರೆ ಸ್ವಲ್ಪ ಇಳಿಯುತ್ತದೆ, ಎರಡನೆಯದಕ್ಕೆ ಮದ್ದಿಲ್ಲ. ನಾನು ರಾಣೇಬೆನ್ನೂರಿನ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದವನು. ಈಗಲೂ ಯಾರಾದರೂ ಲಗ್ನಪತ್ರಿಕೆ ಕೊಟ್ಟರೆ ಮುಹೂರ್ತ ನೋಡುವ ಮೊದಲು ಕಾಗುಣಿತ ನೋಡುತ್ತೇನೆ. ಜೇಬಿನಲ್ಲಿ ಕೆಂಪು ಪೆನ್ನು ಇಲ್ಲದಿದ್ದರೆ ಅಂಗಿ ಹಾಕಿಕೊಂಡಿದ್ದೇನೆ ಎಂದೇ ಅನಿಸುವುದಿಲ್ಲ. ಇಂಥ ನನಗೆ ಇಂಗ್ಲಿಷ್ ಬರುವುದಿಲ್ಲ ಎಂಬ ಸುದ್ದಿ ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ನಮ್ಮದೇ ಪಡಸಾಲೆಯಲ್ಲಿ, ಸೊಸೆಯ ಎದುರಿಗೆ ಗೊತ್ತಾಯಿತು. ಆಗ ಎದೆ ಧಸಕ್ ಎಂದದ್ದು ಇನ್ನೂ ಪೂರ್ತಿ ಸರಿಹೋಗಿಲ್ಲ.

ಸೊಸೆ ಯಾರು ಎಂದು ಮೊದಲು ಹೇಳಿಬಿಡುತ್ತೇನೆ. ನಮ್ಮ ಮಗ ಮಹಾಂತೇಶ ಡಾಕ್ಟರಿಕೆ ಓದಲು ಚೀನಾಕ್ಕೆ ಹೋಗಿದ್ದ. ಹೋಗುವಾಗ ಒಂದು ಡಬ್ಬಿ ಶೇಂಗಾ ಚಟ್ನಿ ಒಯ್ದವನು ಬರುವಾಗ ಹೆಂಡತಿಯನ್ನು ಕರೆದುಕೊಂಡು ಬಂದ. ಹುಡುಗಿಯ ಹೆಸರು ಲಿನ್. ನನ್ನ ಹೆಂಡತಿ ಗಿರಿಜಾ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಹುಡುಗಿ ತಾನಾಗಿ ರೊಟ್ಟಿ ಬಡಿಯಲು ಕುಳಿತು ಹಿಟ್ಟನ್ನು ಚಿಂದಿ ಮಾಡುವುದನ್ನು ನೋಡಲಾರದೆ, "ಹಂಗಲ್ಲವಾ, ಕೈ ಹಿಂಗ ಇಡು" ಎಂದು ಬಾಯಿ ತೆರೆದಳು. ಅಲ್ಲಿಂದ ಮುಂದೆ ಲಿನ್ ಲೀಲಾ ಆದಳು. ಎರಡೇ ವರ್ಷದಲ್ಲಿ ಆಕೆಯ ಕನ್ನಡ ಎಂಥದಾಯಿತೆಂದರೆ, ಸಂತೆಯಲ್ಲಿ ಬದನೆಕಾಯಿ ಮಾರುವ ಹೆಂಗಸು ಮುಖ ನೋಡಿ ದರ ಏರಿಸಿದಾಗ, "ಯಾಕಬೇ ಯಕ್ಕಾ, ನಾ ಏನ ನಿನ್ನೆ ಬಂದಾಕಿ ಅಂತ ತಿಳದೀಯೇನ?" ಎಂದು ಕೇಳಿದಳಂತೆ. ಆ ಹೆಂಗಸು ಗಾಬರಿಯಾಗಿ ಎರಡು ಬದನೆಕಾಯಿ ಹೆಚ್ಚಿಗೆ ಹಾಕಿದಳು.

ಈ ಲೀಲಾಗೆ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ರಫ್ತು ಮಾಡುವ ಕಚೇರಿಯೊಂದರಲ್ಲಿ ಕೆಲಸ ಸಿಗುವುದರಲ್ಲಿತ್ತು. ಚೀನಾದ ಗಿರಾಕಿಗಳೊಡನೆ ಅವರ ಭಾಷೆಯಲ್ಲಿ, ಬೇರೆ ದೇಶದವರೊಡನೆ ಇಂಗ್ಲಿಷಿನಲ್ಲಿ ಮಾತಾಡುವ ಕೆಲಸ. ಚೀನೀ ಭಾಷೆಗೆ ಯಾರೂ ಪುರಾವೆ ಕೇಳಲಿಲ್ಲ, ಇಂಗ್ಲಿಷಿಗೆ ಕೇಳಿದರು. ಹಾವೇರಿಯ ಕಂಪ್ಯೂಟರ್ ಕೇಂದ್ರದಲ್ಲಿ ಪರೀಕ್ಷೆ. ನೂರು ಪ್ರಶ್ನೆ, ಎಪ್ಪತ್ತಾದರೂ ಸರಿಯಿರಬೇಕು. "ಇಷ್ಟ್ಯಾಕ ಒದ್ದಾಡತೀಯವಾ, ಮನ್ಯಾಗ ಏನ ಕಡಿಮಿ ಐತಿ?" ಎಂದು ನಾನು ಒಂದು ದಿನ ಕೇಳಿದೆ. "ಕಡಿಮಿ ಏನಿಲ್ರಿ ಮಾವಾರ. ಓಣ್ಯಾಗ ಒಬ್ರು ಡಾಕ್ಟರ ಹೇಣ್ತಿ ಅಂತಾರ, ಒಬ್ರು ಚೀನಾದಾಕಿ ಅಂತಾರ. ನನ್ನ ಹೆಸರ ಹೇಳಿ ಕರಿಯೋ ಒಂದ ಜಾಗಾ ಬೇಕ್ರಿ ನನಗ" ಎಂದಳು. ಆಗಲೇ ತೀರ್ಮಾನಿಸಿದೆ, ಈ ಹುಡುಗಿಯನ್ನು ಪಾಸು ಮಾಡಿಸುವವನು ನಾನೇ ಎಂದು. ಆಕೆ ಕೇಳಿರಲಿಲ್ಲ.

ತಯಾರಿಯ ಪುಸ್ತಕ ತರಿಸಿ ತೆರೆದರೆ ಮೊದಲ ಏಟು ಅಲ್ಲೇ ಬಿತ್ತು. ಪ್ರಬಂಧವಿಲ್ಲ, ಪತ್ರಲೇಖನವಿಲ್ಲ, ಸಾರಾಂಶವಿಲ್ಲ! ಪ್ರತಿ ಪ್ರಶ್ನೆಯ ಕೆಳಗೆ ನಾಲ್ಕು ಉತ್ತರ, ಒಂದಕ್ಕೆ ಟಿಕ್ ಹಾಕಿ ಮುಂದೆ ಹೋಗುವುದು. ನಮ್ಮ ಕಾಲದಲ್ಲಿ ಹುಡುಗರು ಹಸುವಿನ ಮೇಲೆ ಎರಡು ಪುಟ ಬರೆಯುತ್ತಿದ್ದರು. ಹಸು ಬಾರದಿದ್ದರೆ ಅದನ್ನು ಒಂದು ಮರಕ್ಕೆ ಕಟ್ಟಿ, ಬಾಯಿಪಾಠ ಮಾಡಿದ್ದ ಮರದ ಪ್ರಬಂಧವನ್ನಾದರೂ ಬರೆಯುತ್ತಿದ್ದರು. ಇದೇನು, ಭಾಷೆಯೋ ಲಾಟರಿಯೋ? "ಶಿವನ ಶಿವನ" ಎನ್ನುತ್ತ, ಸೊಸೆಗೆ ಧೈರ್ಯ ಬರಲೆಂದು, ಮಾದರಿ ಪರೀಕ್ಷೆಗೆ ಮೊದಲು ನಾನೇ ಕುಳಿತೆ. ಮುಗಿಸಿ, ಪುಸ್ತಕದ ಕೊನೆಯಲ್ಲಿದ್ದ ಸರಿಯುತ್ತರದ ಪಟ್ಟಿಗೆ ತಾಳೆ ನೋಡಿದೆ. ನೂರಕ್ಕೆ ನಲವತ್ತಾರು. ಕನ್ನಡಕ ಒರೆಸಿ ಮತ್ತೆ ಎಣಿಸಿದೆ. ನಲವತ್ತೈದು.

ನನ್ನ ಸ್ಥಿತಿ ಏನಾಗಿರಬೇಕು, ನೀವೇ ಹೇಳಿ. ವ್ಯಾಕರಣದ್ದೆಲ್ಲ ಸರಿಯಾಗಿತ್ತು. ಮಾತುಕತೆಯ ಪ್ರಶ್ನೆಗಳಲ್ಲೇ ಎಲ್ಲ ಕೊಚ್ಚಿಕೊಂಡು ಹೋಗಿತ್ತು. ಒಂದು ಪ್ರಶ್ನೆ ಹೀಗಿದೆ: ನಿಮಗೆ ಬಾಯಾರಿದೆ, ಪರಿಚಯದವರ ಮನೆಗೆ ಹೋಗಿದ್ದೀರಿ, ಅವರು ಚಹಾ ಬೇಕೇ ಎಂದು ಕೇಳುತ್ತಾರೆ. 'ದಯವಿಟ್ಟು ಕೊಡಿ' ಎನ್ನಬೇಕೋ, 'ಬೇಡ, ಈಗಷ್ಟೇ ಕುಡಿದು ಬಂದೆ' ಎನ್ನಬೇಕೋ? ನಾನು 'ಬೇಡ'ಕ್ಕೆ ಟಿಕ್ ಹಾಕಿದ್ದೆ. ಕೇಳಿದ ಕೂಡಲೇ ಕೊಡಿ ಎಂದರೆ ಮನೆತನದ ಮಾನ ಏನಾಗಬೇಕು? ಎರಡು ಸಲ ಬೇಡ ಎನ್ನಬೇಕು, ಮೂರನೆಯ ಸಲ ಅವರು "ಅರ್ಧಾ ಕಪ್ಪರ ಕುಡೀರಿ" ಎಂದಾಗ ನಿರುಪಾಯನಾದಂತೆ ಮುಖ ಮಾಡಿ ಪೂರ್ತಿ ಕಪ್ಪು ಕುಡಿಯಬೇಕು. ಹೊಸದಾಗಿ ಬಂದಿದ್ದ ಅಧಿಕಾರಿಯೊಬ್ಬರ ಮನೆಯಲ್ಲಿ ನಾನು ಬೇಡ ಎಂದದ್ದಕ್ಕೆ ಅವರು "ಆಯಿತು ಬಿಡಿ" ಎಂದು ಸುಮ್ಮನಾಗಿಬಿಟ್ಟಿದ್ದರು. ತಲೆನೋವು ಹೊತ್ತುಕೊಂಡು ಬಸ್ಸು ಹತ್ತಿ ಬಂದಿದ್ದೆ. ಹನ್ನೆರಡು ವರ್ಷವಾಯಿತು, ಆ ಮನುಷ್ಯನನ್ನು ಇನ್ನೂ ಕ್ಷಮಿಸಿಲ್ಲ.

ಇನ್ನೊಂದು: ಸಹೋದ್ಯೋಗಿ ಭಾನುವಾರ ಸಹಾಯಕ್ಕೆ ಕರೆಯುತ್ತಾನೆ, ನಿಮಗೆ ಆಗುವುದಿಲ್ಲ. 'ಕ್ಷಮಿಸಿ, ಆಗುವುದಿಲ್ಲ' ಎನ್ನಬೇಕಂತೆ. ಮುಖದ ಮೇಲೆ! "ನೋಡೂಣಂತ" ಎಂಬ ಬಂಗಾರದಂಥ ಮಾತು ಇರುವಾಗ? ಮತ್ತೊಂದರಲ್ಲಿ ಬಸ್ಸಿನಲ್ಲಿ ಪಕ್ಕದಲ್ಲಿ ಅಪರಿಚಿತರು ಕುಳಿತಿದ್ದಾರೆ, ಮಾತು ಹೇಗೆ ಶುರು ಮಾಡುತ್ತೀರಿ? ಯಾವ ಊರು, ಏನು ಕೆಲಸ, ಮಕ್ಕಳೆಷ್ಟು ಎಂಬ ಉತ್ತರಕ್ಕೆ ನಾನು ಟಿಕ್ ಹಾಕಿದ್ದೆ. ಪುಸ್ತಕದವರು ಅದು ತಪ್ಪು, ಹವಾಮಾನದ ಬಗ್ಗೆ ಮಾತಾಡಬೇಕು ಎನ್ನುತ್ತಾರೆ. ಮಳೆ ಬರುವುದು ಕಿಟಕಿಯಲ್ಲಿ ಇಬ್ಬರಿಗೂ ಕಾಣಿಸುತ್ತದಲ್ಲ, ಅದನ್ನು ಹೇಳುವುದೇನು? ಮಕ್ಕಳೆಷ್ಟು ಎಂಬುದು ಕಿಟಕಿಯಲ್ಲಿ ಕಾಣಿಸುತ್ತದೆಯೇ? ಅಡುಗೆಯನ್ನು ಹೊಗಳಿದರೆ 'ಥ್ಯಾಂಕ್ಯೂ' ಎಂದು ಹೊಗಳಿಕೆಯನ್ನು ಜೇಬಿಗೆ ಹಾಕಿಕೊಳ್ಳಬೇಕಂತೆ. ನಮ್ಮ ಗಿರಿಜಾಳ ಬದನೆಕಾಯಿ ಎಣಗಾಯಿಯನ್ನು ಮೇಡ್ಲೇರಿಯಿಂದ ಬರುವ ಆಕೆಯ ಅಣ್ಣಂದಿರು ಬೆರಳು ಚೀಪಿ ತಿನ್ನುತ್ತಾರೆ. ಆಕೆ ಇವತ್ತಿನವರೆಗೂ "ಇವತ್ತ ಉಪ್ಪ ಹೆಚ್ಚಾಗೇತಿ, ಛಲೋ ಆಗಿಲ್ಲ" ಎನ್ನುವುದನ್ನು ತಪ್ಪಿಸಿಲ್ಲ.

ಹೀಗಾಗಿ ನಾನೊಂದು ನಿರ್ಣಯಕ್ಕೆ ಬಂದೆ. ಪುಸ್ತಕದಲ್ಲಿ ಮುದ್ರಣದೋಷವಿದೆ. ಕೆಂಪು ಪೆನ್ನು ತೆಗೆದು, ಸರಿಯುತ್ತರದ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ತಿದ್ದಿದೆ. ಒಂದೊಂದು ಪುಟದ ಕೆಳಗೂ ಸಹಿ ಮಾಡಿದೆ. ತಿದ್ದುಪಡಿಯ ನಂತರ ನನಗೆ ನೂರಕ್ಕೆ ತೊಂಬತ್ತೆಂಟು ಬಂತು. ಎರಡನ್ನು ಬೇಕೆಂದೇ ತಪ್ಪೆಂದು ಬಿಟ್ಟೆ, ಪೂರ್ತಿ ನೂರು ಅಂದರೆ ಅಹಂಕಾರವಾಗುತ್ತದೆ.

ಲೀಲಾ ಆ ಪಟ್ಟಿಯನ್ನು ಪುಟ ಪುಟವಾಗಿ ತಿರುವಿ ನೋಡಿದಳು. "ಮಾವಾರ, ನಮ್ಮ ಸಾಲ್ಯಾಗ ಹೊಗಳಿದ್ರ ಥ್ಯಾಂಕ್ಯೂ ಅನ್ನಬೇಕಂತ ಕಲಿಸಿದ್ರು. ನಮ್ಮ ಅಜ್ಜಿನೂ ನಿಮ್ಮಂಗ, ಮೂರ ಸಲ ಬ್ಯಾಡ ಅಂದ ಆಮ್ಯಾಲೆ ಚಹಾ ಕುಡಿಯಾಕಿ. ಆದ್ರ ಇಂಗ್ಲಿಷನವರು ಹಂಗ ಮಾಡಂಗಿಲ್ಲ, ಪರೀಕ್ಷಾದಾಗ ಹುಷಾರ ಅಂತ ನಮ್ಮ ಟೀಚರು ಹೇಳಿದ್ರಿ" ಎಂದಳು. ನೋಡಿ, ಸಾವಿರಾರು ಮೈಲಿ ಆಚೆ ಒಬ್ಬ ಅಜ್ಜಿ ನನ್ನ ಹಾಗೆಯೇ ಚಹಾ ಬೇಡ ಎನ್ನುತ್ತಾಳೆ! ನನಗೆ ಆನಂದವಾಯಿತು. "ನಿಮ್ಮ ಅಜ್ಜಿ ಶ್ಯಾಣ್ಯಾಕಿ. ನಿಮ್ಮ ಟೀಚರಿಗೆ ತಿಳಿಯಂಗಿಲ್ಲ. ಮೂವತ್ತೊಂದ ವರ್ಷ ಕಲಿಸೇನಿ ನಾ" ಎಂದೆ. ನಮ್ಮ ಮನೆಯಲ್ಲಿ ಹಿರಿಯರಿಗೆ ಎದುರಾಡಬಾರದೆಂದು ಆಕೆಗೆ ಕಲಿಸಿದವರು ನಾವೇ. ಆಕೆ ಹೂಂ ಎಂದು ನನ್ನ ಕೆಂಪು ಉತ್ತರಗಳನ್ನು ಒಂದು ತಿಂಗಳು ಬಾಯಿಪಾಠ ಮಾಡಿದಳು.

ಪರೀಕ್ಷೆಯ ದಿನ ಹಾವೇರಿಯವರೆಗೆ ನಾನೇ ಜೊತೆಗೆ ಹೋದೆ. ಮೋಟೆಬೆನ್ನೂರು ದಾಟುವವರೆಗೂ ಕೊನೆಯ ಕ್ಷಣದ ಉಪದೇಶ ಕೊಟ್ಟೆ. ಫಲಿತಾಂಶ ಕಂಪ್ಯೂಟರಿನ ಮೇಲೆ ಅಲ್ಲೇ ಬಂತು. ಐವತ್ತೆಂಟು.

ಬಸ್ಸಿನಲ್ಲಿ ಬರುವಾಗ ಆಕೆ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಆದರೆ "ನಾ ಸರಿ ಓದಲಿಲ್ರಿ ಮಾವಾರ, ತಪ್ಪು ನಂದ" ಎಂದಳೇ ಹೊರತು ನನ್ನ ಹೆಸರೆತ್ತಲಿಲ್ಲ. ಮನೆಗೆ ಬಂದಾಗ ಮಹಾಂತೇಶ ಪುಸ್ತಕ ತಿರುವಿ ಹಾಕಿದ. ಕೊನೆಯ ಪುಟಗಳಿಗೆ ಬಂದವನ ಬಾಯಿ ತೆರೆದದ್ದು ಹಾಗೇ ನಿಂತಿತು. "ಅಪ್ಪಾ, ಇದು ಹುಡುಗೂರ ಬರದ ಪೇಪರಲ್ಲ, ಉತ್ತರದ ಪಟ್ಟಿ! ಇದನ್ನ ಯಾರರ ತಿದ್ದತಾರೇನ?" ಎಂದ. ಆಮೇಲೆ ಗೊತ್ತಾಯಿತು, ನಾನು ಕೈ ಹಾಕುವ ಮೊದಲು ಆಕೆ ತಾನಾಗಿ ಫೋನಿನಲ್ಲಿ ಬರೆದ ಮಾದರಿ ಪರೀಕ್ಷೆಗಳಲ್ಲಿ ಎಪ್ಪತ್ತಾರರ ಕೆಳಗೆ ಇಳಿದಿರಲೇ ಇಲ್ಲ. ಪಾಸಾಗುತ್ತಿದ್ದ ಹುಡುಗಿಯನ್ನು ನಾನು ಕಷ್ಟಪಟ್ಟು ಫೇಲು ಮಾಡಿಸಿದ್ದೆ. ಗಿರಿಜಾ ಒಲೆಯ ಮುಂದಿನಿಂದಲೇ, "ಸುಮ್ಮ ಕುಂದ್ರಾಕ ಏನಾಗಿತ್ರಿ ನಿಮಗ? ಇಷ್ಟ ದಿನ ಊರ ಮಂದಿ ಮಕ್ಕಳನ್ನ ಫೇಲ್ ಮಾಡಿದ್ದು ಸಾಲಲಿಲ್ಲೇನು?" ಎಂದಳು. ನನಗೆ ಅನ್ನ ಸೇರಲಿಲ್ಲ. ಬಾಯಲ್ಲಿ ಹೇಳಲಾಗದಷ್ಟು ನಾಚಿಕೆಯಾಗಿತ್ತು, ಮುಖ್ಯವಾಗಿ ಆ "ತಪ್ಪು ನಂದ" ಎಂಬ ಮಾತಿಗೆ.

ಪುಣ್ಯಕ್ಕೆ ಬ್ಯಾಡಗಿಯ ಕಚೇರಿಯವರು ಇನ್ನೊಂದು ತಿಂಗಳು ಕಾಯಲು ಒಪ್ಪಿದರು. ಅದರಾಚೆ ಇಲ್ಲ, ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದರು. ನಾನು ಪಡಸಾಲೆ ಬಿಟ್ಟು ಹಿತ್ತಿಲಿಗೆ ಕುರ್ಚಿ ಹಾಕಿಕೊಂಡೆ. ಮೂರನೆಯ ದಿನ ಲೀಲಾ ಅಲ್ಲಿಗೇ ಬಂದಳು, ಕೈಯಲ್ಲಿ ಹೊಸ ಪುಸ್ತಕ. "ಮಾವಾರ, ದಿನಾ ಸಂಜೀಕ ನೀವೂ ಟಿಕ್ ಹಾಕ್ರಿ. ನಿಮ್ಮ ಟಿಕ್ ನನಗ ಬೇಕ" ಎಂದಳು. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಇಷ್ಟೆಲ್ಲ ಆದ ಮೇಲೂ ಹಿರಿಯರ ಮೇಲೆ ಈ ಹುಡುಗಿಗೆ ಎಂಥ ಭಕ್ತಿ! ಉತ್ತರದ ಪಟ್ಟಿ ಮುಟ್ಟುವುದಿಲ್ಲ ಎಂದು ಮಗನ ಮುಂದೆ ಆಣೆ ಮಾಡಿ, ಪ್ರತಿ ಸಂಜೆ ನನ್ನ ಅನುಭವವನ್ನೆಲ್ಲ ಬಳಸಿ ಟಿಕ್ ಹಾಕಿದೆ. ಯಾಕೆ ಹಾಗೆ ಹಾಕಿದೆ ಎಂದು ಆಕೆ ಕೇಳುವಳು, ನಾನು ವಿವರಿಸುವೆನು, ಆಕೆ ಒಂದು ವಹಿಯಲ್ಲಿ ಬರೆದುಕೊಳ್ಳುವಳು. ನಿವೃತ್ತಿಯ ನಂತರ ಅಷ್ಟು ಸುಖದ ಸಂಜೆಗಳನ್ನು ನಾನು ಕಂಡಿರಲಿಲ್ಲ.

ಎರಡನೆಯ ಸಲ ಎಂಬತ್ತನಾಲ್ಕು ಬಂತು! ಗಿರಿಜಾ ಹುಡುಗಿಯ ದೃಷ್ಟಿ ತೆಗೆದಳು. ನಾನು ಪೇಢೆ ತರಿಸಿ, ಪಕ್ಕದ ಮನೆಯ ಚನ್ನಬಸಪ್ಪನನ್ನೂ ಕರೆದೆ. ಎಲ್ಲರ ಎದುರು ಮಗ, "ಹೆಂಗ ಮಾಡಿದಿ?" ಎಂದು ಹೆಂಡತಿಯನ್ನು ಚೀನೀ ಭಾಷೆಯಲ್ಲಿ ಕೇಳಿದನೆಂದು ಆಮೇಲೆ ತಿಳಿಯಿತು, ಆಕೆ ಸಂತೋಷದ ಭರದಲ್ಲಿ ಕನ್ನಡದಲ್ಲೇ ಉತ್ತರಿಸಿಬಿಟ್ಟಳು. "ಮಾತುಕತಿ ಪ್ರಶ್ನೆಗೋಳಾಗ ನಾಲ್ಕ ಉತ್ತರ ಇರ್ತಾವಲ್ಲ, ಮೊದಲ ಮಾವಾರು ಯಾವುದಕ್ಕ ಟಿಕ್ ಹಾಕ್ತಿದ್ರು ಅಂತ ನೆನಸ್ಕೊಂಡೆ. ಅದನ್ನ ಹೊಡದ ಹಾಕಿದೆ. ಮೂರ ಉಳದ್ವು. ಆಮ್ಯಾಲೆ ಸರಳ ಆತು."

ಪೇಢೆ ನನ್ನ ಗಂಟಲಲ್ಲೇ ನಿಂತಿತು. ಗಿರಿಜಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಮಹಾಂತೇಶ ಛಾವಣಿ ನೋಡತೊಡಗಿದ. ತಾನು ಏನು ಹೇಳಿದೆನೆಂಬುದು ಹೊಳೆದು ಲೀಲಾ ಕೆಂಪಾಗಿ, ಬಗ್ಗಿ ನನ್ನ ಕಾಲು ಮುಟ್ಟಿದಳು. ಸಿಟ್ಟು ಮಾಡುವುದೋ ಆಶೀರ್ವಾದ ಮಾಡುವುದೋ ತಿಳಿಯದೆ ಕೈ ಅರ್ಧಕ್ಕೆ ಎತ್ತಿ ನಿಂತೆ. ಕೊನೆಗೆ ತಲೆಯ ಮೇಲೆ ಇಟ್ಟೆ. ಏನೇ ಆಗಲಿ, ಹುಡುಗಿಗೆ ಕೆಲಸ ಸಿಕ್ಕಿತ್ತು, ಮತ್ತು ಅದರಲ್ಲಿ ನನ್ನ ಕೈವಾಡ ಇತ್ತು.

ಚನ್ನಬಸಪ್ಪ ಮಾತ್ರ ಈ ಲೆಕ್ಕವನ್ನೆಲ್ಲ ಕಿವಿಗೆ ಹಾಕಿಕೊಂಡಿರಲಿಲ್ಲ. ಅವನ ಗಮನ ಎರಡನೆಯ ಪೇಢೆಯ ಮೇಲಿತ್ತು. "ಸರ, ನಮ್ಮ ಹುಡುಗೀನೂ ನರ್ಸ್ ಕೆಲಸಕ್ಕ ಇದ ನಮೂನಿ ಪರೀಕ್ಷಾ ಕಟ್ಯಾಳ್ರಿ. ನೀವ ಕಲಿಸಬೇಕು" ಎಂದ.

"ಬ್ಯಾಡೋ ಮಾರಾಯ, ನನಗ ಇಂಗ್ಲಿಷ್ ಬರಂಗಿಲ್ಲ" ಎಂದೆ.

"ತುಂಬಿದ ಕೊಡ ತುಳುಕಂಗಿಲ್ಲ ನೋಡ್ರಿ!" ಎಂದು ಆತ ಕೈ ಮುಗಿದ.

"ಚನ್ನಬಸಪ್ಪಾ, ಖರೇನ ಹೇಳಾಕತ್ತೇನಿ. ನನ್ನಾಣೆ, ನನಗ ನಲವತ್ತೈದು ಬಂದಾವು."

"ದೊಡ್ಡವರು ಹಿಂಗ ಅಂತೀರಿ ಅಂತ ನನಗ ಗೊತ್ತಿಲ್ಲೇನ್ರಿ? ಸೋಮವಾರದಿಂದ ಕಳಸ್ತೇನಿ."

ಜೀವನದಲ್ಲಿ ಮೊದಲ ಸಲ ಮನಸಾರೆ ಬೇಡ ಎಂದಿದ್ದೆ, ಒಬ್ಬನೂ ನಂಬಲಿಲ್ಲ. ಸಹಾಯಕ್ಕೆಂದು ಲೀಲಾಳ ಮುಖ ನೋಡಿದೆ. ಆಕೆ ತುಸು ಯೋಚಿಸಿ, ಬಹಳ ಗಂಭೀರವಾಗಿ, "ಒಪ್ಪಿಕೊಳ್ರಿ ಮಾವಾರ, ಪಾಪ ಆ ಹುಡುಗಿಗೂ ನಾಲ್ಕರಾಗ ಒಂದೊಂದ ಉತ್ತರ ಕಡಿಮಿ ಆಗತಾವು" ಎಂದಳು.